ದಾರಕ್ಕೆ ಹಿಡಿಯದ ಕಪ್ಪು

ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರಿಗೆ,
ಮನೆಯಲ್ಲೇ ಬಟ್ಟೆಗೆ ಬಣ್ಣ ಹಾಕಿಕೊಳ್ಳುವ ಪುಡಿಯ ತಯಾರಕರು.

ವಿಷಯ: ತಮ್ಮ ‘ಕಡುಗಪ್ಪು’ ಪೊಟ್ಟಣವು ನನ್ನ ತಂಗಿಯ ಕೋಟಿಗೆ ಮಾಡಿದ ಮಹದುಪಕಾರದ ಕುರಿತು.

ಮಾನ್ಯರೇ,

ಮೊದಲಿಗೆ ತಮಗೆ, ತಮ್ಮ ಕಾರ್ಖಾನೆಯ ಕೊಪ್ಪರಿಗೆಗಳಿಗೆ, ಅವುಗಳ ಮುಂದೆ ದುಡಿದು ಸಂಜೆ ಬಣ್ಣದ ಕೈಯಲ್ಲಿ ಮನೆಗೆ ಹೋಗುವ ಕೆಲಸಗಾರರಿಗೆ, ಹಾಗೂ ವಿಶೇಷವಾಗಿ ತಮ್ಮ ಪೊಟ್ಟಣದ ಮೇಲೆ ಬಿಳಿ ಕೈಗವಸು ತೊಟ್ಟು, ಕಪ್ಪು ನೀರಿನ ಬಕೆಟ್ಟಿನಿಂದ ಕಪ್ಪು ಬಟ್ಟೆಯೊಂದನ್ನು ಎತ್ತಿ ಹಿಡಿದು ನಗುತ್ತಿರುವ ಆ ಮಹಿಳೆಗೆ ನನ್ನ ಗೌರವಪೂರ್ವಕ ವಂದನೆಗಳು. ಆಕೆಯ ಕೈಗವಸು ಇನ್ನೂ ಬಿಳಿಯಾಗಿಯೇ ಇರುವುದನ್ನು ಗಮನಿಸಿದ್ದೇನೆ. ಅಷ್ಟು ಕಪ್ಪಿನ ನಡುವೆ ಒಂದು ಹನಿಯೂ ಸಿಡಿಯದಂತೆ ಬದುಕುವ ವಿದ್ಯೆಯನ್ನು ಆಕೆ ಎಲ್ಲಿ ಕಲಿತರೋ ತಿಳಿಯದು. ನಮ್ಮ ಮನೆಯಲ್ಲಂತೂ ಬಚ್ಚಲಿನ ಗೋಡೆ, ಗ್ಯಾಸ್ ಒಲೆಯ ತಿರುಗಣೆ, ಹಲ್ಲುಜ್ಜುವ ಬ್ರಷ್ಷು, ಫ್ರಿಜ್ಜಿನ ಹಿಡಿ, ಕೊನೆಗೆ ನನ್ನ ಬಲಗಿವಿಯ ಹಿಂಭಾಗದವರೆಗೂ ತಮ್ಮ ಉತ್ಪನ್ನ ತಲುಪಿದೆ. ಪ್ರತಿ ಮನೆಯ ಮೂಲೆಮೂಲೆಗೂ ತಲುಪುವುದೇ ತಮ್ಮ ಧ್ಯೇಯವೆಂದು ಪೊಟ್ಟಣದ ಬದಿಯಲ್ಲಿ ಅಚ್ಚಾಗಿರುವುದರಿಂದ ಇದನ್ನು ದೂರೆಂದು ಭಾವಿಸದೆ ಅಭಿನಂದನೆಯೆಂದೇ ಸ್ವೀಕರಿಸಬೇಕಾಗಿ ಕೋರುತ್ತೇನೆ.

ನನ್ನ ಪರಿಚಯ ಹೇಳಿಕೊಳ್ಳುವುದು ಕ್ರಮ. ಪೊಟ್ಟಣ, ಡಬ್ಬಿ, ಹೊದಿಕೆಗಳನ್ನು ಮುದ್ರಿಸುವ ಒಂದು ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುವವಳು. ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟ ತೆಳು ಕಾಗದ, ಇಲಿ ಪಾಷಾಣದ ಎಚ್ಚರಿಕೆ, ಸಾಬೂನಿನ ಹೊದಿಕೆಯ ಹಿಂಬದಿ, ಇಂಥ ಯಾರೂ ಓದದ ಬರಹವನ್ನು ಓದುವುದಕ್ಕಾಗಿಯೇ ನನಗೆ ಸಂಬಳ ಕೊಡುತ್ತಾರೆ. ಆದಕಾರಣ ತಮ್ಮ ಪೊಟ್ಟಣವನ್ನು ನಾನು ಓದಿದಷ್ಟು ಶ್ರದ್ಧೆಯಿಂದ ಅದನ್ನು ಬರೆದವರೂ ಓದಿರಲಾರರು. ‘ಹಳೆಯ ಬಟ್ಟೆಗೆ ಹೊಸ ಹುಟ್ಟು. ನಿನ್ನೆಯ ಗುರುತೇ ಉಳಿಯದು’ ಎಂದು ಮುಂಭಾಗದಲ್ಲಿ ಹೆಬ್ಬೆರಳಿನ ಗಾತ್ರದ ಅಕ್ಷರಗಳಲ್ಲಿದೆ. ಹಿಂಭಾಗದಲ್ಲಿ ಉಪ್ಪು ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು ಕಲಕಬೇಕು ಎಂಬುದಿದೆ. ಇನ್ನು ಮೂರನೆಯ ಸ್ಥಳವೊಂದಿದೆ. ಪೊಟ್ಟಣದ ಬಾಯನ್ನು ಮಡಿಸಿ ಅಂಟಿಸಿದ ಜಾಗದ ಒಳಗೆ, ಗೋಂದಿನ ಅಡಿಯಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ‘ಬಟ್ಟೆಯಲ್ಲಿರುವ ಪಾಲಿಯೆಸ್ಟರ್ ದಾರಕ್ಕೆ ಬಣ್ಣ ಹಿಡಿಯುವುದಿಲ್ಲ’ ಎಂದು ಬರೆದಿದ್ದೀರಿ. ಇದನ್ನು ಓದಬೇಕಾದರೆ ಪೊಟ್ಟಣವನ್ನು ಹರಿಯಬೇಕು, ಹರಿದರೆ ಪುಡಿಯನ್ನು ನೀರಿಗೆ ಸುರಿದೇ ಬಿಡುತ್ತಾರೆ, ಸುರಿದ ಮೇಲೆ ಓದಿದರೆ ಎಷ್ಟು, ಬಿಟ್ಟರೆ ಎಷ್ಟು. ವೃತ್ತಿಯಲ್ಲಿ ಇಷ್ಟು ವರ್ಷ ಕಳೆದ ನಾನು ನಿಜವನ್ನು ಇಡಲು ಇದಕ್ಕಿಂತ ಸುರಕ್ಷಿತವಾದ ಜಾಗವನ್ನು ಕಂಡಿಲ್ಲ. ಈ ಜಾಗವನ್ನು ಹುಡುಕಿಕೊಟ್ಟ ನೌಕರರಿಗೆ ಬಡ್ತಿ ಸಿಕ್ಕಿದೆಯೆಂದು ನಂಬುತ್ತೇನೆ.

ಇನ್ನು ನನ್ನ ತಂಗಿಯ ವಿಷಯ. ಅವಳನ್ನು ತಾವು ಬಲ್ಲಿರಿ, ತಮ್ಮ ‘ಕೋಟ್ಯಂತರ ಸಂತೃಪ್ತ ಗ್ರಾಹಕ’ರ ಪೈಕಿ ಒಬ್ಬಳು ಆಕೆ.

ಮೂರನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಈಗ ನಾವಿಬ್ಬರೇ ಇದ್ದೇವೆ. ಹೋದ ವರ್ಷದವರೆಗೆ ಅಮ್ಮ ಇದ್ದಳು, ಆಕೆ ಹಾಸಿಗೆ ಹಿಡಿದು ಬಹಳ ವರ್ಷಗಳಾಗಿದ್ದವು. ನಾನು ಹೊರಗೆ ದುಡಿಯುವುದು, ತಂಗಿ ಒಳಗೆ ಅಮ್ಮನನ್ನು ನೋಡಿಕೊಳ್ಳುವುದು ಎಂದು ಯಾರೂ ತೀರ್ಮಾನಿಸದೆಯೇ ತೀರ್ಮಾನವಾಗಿತ್ತು. ಬಟ್ಟೆಯ ವಿಷಯವೂ ಹಾಗೆಯೇ. “ಹೊರಗೆ ಹೋಗೋಳಿಗೆ ಹೊಸದು ಬೇಕು, ಮನೇಲಿರೋಳಿಗೆ ಏನೋ ಒಂದು ನಡೆಯುತ್ತೆ” ಎಂದು ಅಮ್ಮ ಹಾಸಿಗೆಯಿಂದಲೇ ಹೇಳುತ್ತಿದ್ದಳು. ಈ ಏನೋ ಒಂದು ಯಾವಾಗಲೂ ನನ್ನದೇ ಆಗಿರುತ್ತಿತ್ತು. ನನ್ನ ಶಾಲೆಯ ಲಂಗ, ತುದಿಗೆ ಹತ್ತಿ ತುರುಕಿದ ನನ್ನ ಬೂಟು, ಗಾಜು ಬದಲಿಸಿದ ನನ್ನ ಕನ್ನಡಕದ ಚೌಕಟ್ಟು, ನನ್ನ ಸ್ವೆಟರುಗಳು. ನನ್ನ ಮೊಣಕೈ ಸವೆಸಿದ ಜಾಗದಿಂದಲೇ ಅವಳ ಮೊಣಕೈ ಶುರುವಾಗುತ್ತಿತ್ತು. ಅವಳು ಒಮ್ಮೆಯೂ ಮುಖ ಸಿಂಡರಿಸಿದವಳಲ್ಲ. ಸಿಂಡರಿಸಿದ್ದರೆ ನಾನು ನೋಡಿರುತ್ತಿದ್ದೆನೇ ಎಂಬುದು ಬೇರೆ ಪ್ರಶ್ನೆ, ಅದು ತಮ್ಮ ವಿಭಾಗಕ್ಕೆ ಸಂಬಂಧಿಸಿದ್ದಲ್ಲ.

ಒಂದು ಪ್ರಸಂಗ ಮಾತ್ರ ತಮಗೆ ತಿಳಿದಿರಬೇಕು. ಬಹಳ ಹಿಂದೆ ನಮ್ಮ ಪ್ರೆಸ್ಸಿನಲ್ಲೇ ಒಂದು ಕೆಲಸ ಖಾಲಿ ಇದ್ದಾಗ ಅವಳು ಸಂದರ್ಶನಕ್ಕೆ ಬಂದಿದ್ದಳು, ನನ್ನದೇ ಹಸಿರು ಅಂಗಿ ತೊಟ್ಟು. ಬಾಗಿಲಲ್ಲಿದ್ದ ಗುಮಾಸ್ತ ಒಳ್ಳೆಯ ಮನಸ್ಸಿನಿಂದಲೇ, “ಓಹೋ, ನಿಮ್ಮಕ್ಕನ ಅಂಗಿ! ನೋಡಿದ ತಕ್ಷಣ ಗೊತ್ತಾಯ್ತು ನೋಡಿ” ಎಂದ. ಅವಳು ನಕ್ಕಳಂತೆ. ಸರತಿಯಲ್ಲಿ ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಬರುತ್ತೇನೆಂದು ಎದ್ದವಳು ಸೀದಾ ಮನೆಗೆ ಹೋದಳು. ಆಮೇಲೆ ಯಾವ ಸಂದರ್ಶನಕ್ಕೂ ಹೋಗಲಿಲ್ಲ. ಅಮ್ಮನ ಕಾಯಿಲೆ ಅದಕ್ಕೊಂದು ಮರ್ಯಾದಸ್ಥ ಕಾರಣವನ್ನೂ ಒದಗಿಸಿತು.

ಅಮ್ಮ ಹೋದ ಮೇಲೆ ಒಂದು ಸಂಜೆ ನಾನು ವಾಡಿಕೆಯಂತೆ ನನ್ನ ಹಳೆಯ ಸ್ವೆಟರೊಂದನ್ನು ಅವಳ ಮುಂದೆ ಹಿಡಿದೆ. ಅವಳು ತಟ್ಟೆ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸದೆ, “ಬೇಡ ಅಕ್ಕಾ. ಇನ್ಮೇಲೆ ನಿನ್ನ ಹಳೇದು ಯಾವುದೂ ನಂಗೆ ಬೇಡ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಎದುರಿಸಲು ಕಷ್ಟವಾದದ್ದು. ಮರುದಿನವೇ ನಾನು ಕಪಾಟು ಖಾಲಿ ಮಾಡಿ ಎಲ್ಲವನ್ನೂ ಚೀಲಕ್ಕೆ ತುಂಬಿ, ಬೀದಿಯ ತಿರುವಿನಲ್ಲಿರುವ ಹಳೆ ಬಟ್ಟೆಯ ಅಂಗಡಿಗೆ ಕೊಟ್ಟು ಬಂದೆ. ಚೀಲದಲ್ಲಿ ನಾನು ವರ್ಷಗಟ್ಟಲೆ ಪ್ರೆಸ್ಸಿಗೆ ತೊಟ್ಟು ಹೋಗುತ್ತಿದ್ದ ಕೆನೆ ಬಣ್ಣದ ಹತ್ತಿಯ ಕೋಟೂ ಇತ್ತು. ತಾವು ದಯವಿಟ್ಟು ಈ ಕೋಟನ್ನು ನೆನಪಿಟ್ಟುಕೊಳ್ಳಬೇಕು. ನಾನು ಮರೆತಿದ್ದೆ.

ಆ ಅಂಗಡಿಯ ಒಡತಿಯನ್ನು ಬೀದಿಯಲ್ಲಿ ಎಲ್ಲರೂ ಕತ್ತರಿಯಮ್ಮ ಎನ್ನುತ್ತಾರೆ. ಆಕೆಗೆ ಬಂದ ಬಟ್ಟೆಯನ್ನು ಬಂದ ಹಾಗೆ ಮಾರುವುದೆಂದರೆ ಅವಮಾನ. ಕಾಲರು ಕತ್ತರಿಸುತ್ತಾಳೆ, ತೋಳು ಮೋಟು ಮಾಡುತ್ತಾಳೆ, ಗುಂಡಿ ಬದಲಿಸುತ್ತಾಳೆ, ಒಂದರ ಜೇಬನ್ನು ಇನ್ನೊಂದಕ್ಕೆ ಹಚ್ಚುತ್ತಾಳೆ. ಕೊಟ್ಟವರು ವಾರದ ನಂತರ ಅದೇ ಬಟ್ಟೆಯನ್ನು ಅಂಗಡಿಯ ಗಾಜಿನೊಳಗೆ ನೋಡಿ, ಚೆನ್ನಾಗಿದೆಯಲ್ಲ, ಯಾರದಿರಬಹುದು ಎಂದುಕೊಳ್ಳುವಂತಾಗುತ್ತದೆ. ತಾವು ನೀರಿನಲ್ಲಿ ಕಲಕಿ ಮಾಡುವುದನ್ನು ಆಕೆ ಕತ್ತರಿಯಲ್ಲಿ ಮಾಡುತ್ತಾಳೆ, ಪೊಟ್ಟಣವಿಲ್ಲ ಅಷ್ಟೆ.

ಎರಡು ತಿಂಗಳ ಕೆಳಗೆ ವಸ್ತುಸಂಗ್ರಹಾಲಯದಲ್ಲಿ ಕೊಠಡಿ ಕಾಯುವವರು ಬೇಕಾಗಿದ್ದಾರೆಂಬ ಪ್ರಕಟಣೆಯನ್ನು ತಂಗಿ ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದಳು. ಒಂದು ಕೋಣೆಯಲ್ಲಿ ದಿನವಿಡೀ ಕುರ್ಚಿಯ ಮೇಲೆ ಕೂತು, ಹಳೆಯ ವಸ್ತುಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವ ಕೆಲಸ. ಅರ್ಜಿಯಲ್ಲಿ ಅನುಭವದ ಜಾಗಕ್ಕೆ ಬಂದಾಗ ಪೆನ್ನು ಕಚ್ಚಿಕೊಂಡು, “ಇಷ್ಟು ವರ್ಷ ಒಂದೇ ಕೋಣೇಲಿ ಕೂತು ಒಂದು ಹಳೇ ವಸ್ತು ಕಾದಿದೀನಿ ಅಂತ ಬರೀಲಾ ಅಕ್ಕಾ?” ಎಂದಳು. ಬರಿ ಎಂದೆ. “ಆ ವಸ್ತು ಬೈತಿತ್ತು ಅಂತಾನೂ?” ಎಂದಳು. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಸಂದರ್ಶನಕ್ಕೆ ಕರೆ ಬಂತು. ಅಭ್ಯರ್ಥಿಗಳು ಕಪ್ಪು ಕೋಟು ಧರಿಸಿ ಹಾಜರಾಗತಕ್ಕದ್ದು ಎಂದಿತ್ತು. ಹೊಸದನ್ನು ನಾನು ಕೊಡಿಸುತ್ತೇನೆಂದೆ. “ನೀನು ಕೊಡಿಸಿದ್ರೆ ಅದೂ ನಿಂದೇ ಆಗುತ್ತೆ” ಎಂದಳು. ನೆರೆಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಕೂಡಿಸಿದ ಹಣ ಅವಳಲ್ಲಿತ್ತು, ಅಂಗಡಿಯ ಕಪ್ಪು ಕೋಟಿಗೆ ಅದು ಸಾಲದು. ಆಗ ತಮ್ಮ ಪೊಟ್ಟಣ ನಮ್ಮ ಬಾಳಿನಲ್ಲಿ ಪ್ರವೇಶಿಸಿತು. ಯಾವುದೋ ಬಣ್ಣದ ಹಳೆಯ ಕೋಟು, ಹಳೆಯ ಕ್ಯಾನ್ವಾಸ್ ಚೀಲ, ಹಳೆಯ ಬಟ್ಟೆಯ ಬೆಲ್ಟು, ಇಷ್ಟನ್ನು ಕತ್ತರಿಯಮ್ಮನಲ್ಲಿ ಕೊಂಡು, ತಮ್ಮ ಕಡುಗಪ್ಪಿನಲ್ಲಿ ಅದ್ದಿ, ನಿನ್ನೆಯ ಗುರುತೇ ಇಲ್ಲದವಳಾಗಿ ಸಂಗ್ರಹಾಲಯಕ್ಕೆ ಹೋಗುವುದೆಂದು ಅವಳು ನಿಶ್ಚಯಿಸಿದಳು. ತಮ್ಮ ಬಣ್ಣದ ಮಾತನ್ನು ಅಕ್ಷರಶಃ ನಂಬಿದ ಗ್ರಾಹಕರಲ್ಲಿ ಅವಳೇ ಮೊದಲಿಗಳೆಂದೂ ಕೊನೆಯವಳೆಂದೂ ನನ್ನ ಅಂದಾಜು.

ಶನಿವಾರ ಮಧ್ಯಾಹ್ನ ನಾನು ಪ್ರೆಸ್ಸಿನಿಂದ ಬರುವಷ್ಟರಲ್ಲಿ ಕೆಲಸ ಅರ್ಧವಾಗಿತ್ತು. ಅಮ್ಮನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ದೊಡ್ಡ ಪಾತ್ರೆ ಒಲೆಯ ಮೇಲಿತ್ತು, ಅದರೊಳಗೆ ಕಪ್ಪು ನೀರು ಕುದಿಯುತ್ತಿತ್ತು, ತಂಗಿ ಮುರಿದ ಮಾಪಿನ ಕೋಲಿನಿಂದ ಅದನ್ನು ಕಲಕುತ್ತಿದ್ದಳು. ತಮ್ಮ ಚಿತ್ರದ ಮಹಿಳೆಯಂತೆ ನಗುತ್ತಲೂ ಇದ್ದಳು ಎಂಬುದನ್ನು ತಮ್ಮ ಪರವಾಗಿ ದಾಖಲಿಸುತ್ತೇನೆ. ಹತ್ತಿರ ಹೋದರೆ ಕೋಲು ಅಡ್ಡ ಹಿಡಿದು, “ದಯವಿಟ್ಟು ಮುಟ್ಟಬೇಡಿ” ಎಂದಳು, ಅಭ್ಯಾಸ ಮಾಡುತ್ತಿದ್ದಳಂತೆ. ಚೀಲ ಆಗಲೇ ನೀರಿನಿಂದ ಹೊರಬಂದು, ತಮ್ಮ ಕಡುಗಪ್ಪಿನ ಬದಲು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ ತಾಳಿತ್ತು. ಬೆಲ್ಟು ಒಂದು ತುದಿಯಲ್ಲಿ ಕಪ್ಪು, ಇನ್ನೊಂದು ತುದಿಯಲ್ಲಿ ಯೋಚಿಸುತ್ತಿರುವಂತೆ ಕಾಣುತ್ತಿತ್ತು. ಕೋಟಿನ ಪ್ಲಾಸ್ಟಿಕ್ ಗುಂಡಿಗಳು ಮಾತ್ರ, ಅವನ್ನು ಯಾರೂ ಕೇಳಿಕೊಳ್ಳದಿದ್ದರೂ, ಕಾಗೆಯ ಕಣ್ಣಿನಂತೆ ಅಚ್ಚಗಪ್ಪಾಗಿದ್ದವು. ತಮ್ಮ ಪುಡಿಗೆ ಗುಂಡಿಗಳ ಮೇಲೆ ಇರುವ ಅಕ್ಕರೆಗೆ ಕಾರಣ ತಿಳಿಸಿದರೆ ಉಪಕಾರವಾದೀತು.

ಕೋಟನ್ನು ಹಿಂಡಿ ಬಾಲ್ಕನಿಯಲ್ಲಿ ಹಾಕಿದಾಗ ಅದು ಕೆಳಮನೆಯ ನಿವೃತ್ತ ರೈಲ್ವೆ ಗಾರ್ಡರ ಬಿಳಿಯ ಬೆಡ್‌ಶೀಟಿನ ಮೇಲೆ ತೊಟ್ಟಿಕ್ಕಿತು. ಅವರು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ, “ಏನಮ್ಮಾ ಇದು, ಹಾಡಹಗಲೇ ಮೇಲಿಂದ ರಾತ್ರಿ ಸುರೀತಿದೆಯಲ್ಲ!” ಎಂದರು. ತಂಗಿ ಅಳುಕಲಿಲ್ಲ. “ಅಂಕಲ್, ಚುಕ್ಕೆ ಚುಕ್ಕೆ ಕಪ್ಪಾದ್ರೆ ಚೆನ್ನಾಗಿರಲ್ಲ. ತನ್ನಿ ಇಲ್ಲಿ, ಪೂರ್ತಿ ಅದ್ದಿ ಕೊಡ್ತೀನಿ” ಎಂದಳು. ಅವರು ಬೆಡ್‌ಶೀಟನ್ನು ಎದೆಗೆ ಅವುಚಿಕೊಂಡು ಇಳಿದು ಹೋದರು. ನಲವತ್ತು ದಾಟಿದ ಮೇಲೆ ಅವಳಲ್ಲಿ ಇಂಥ ಠೀವಿ ಹುಟ್ಟಿಸಿದ್ದು ತಮ್ಮ ಪೊಟ್ಟಣವೇ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಅದನ್ನು ಕಿತ್ತುಕೊಳ್ಳುವ ವ್ಯವಸ್ಥೆಯೂ ಅದೇ ಪೊಟ್ಟಣದಲ್ಲಿ ಇತ್ತು, ಗೋಂದಿನ ಅಡಿಯಲ್ಲಿ.

ಕೋಟು ಒಣಗುತ್ತ ಬಂದಂತೆ ಅದರ ಹೊಲಿಗೆಗಳು ಒಂದೊಂದಾಗಿ ಬೆಳಗತೊಡಗಿದವು. ಬಟ್ಟೆ ಕಪ್ಪಾಗಿತ್ತು, ದಾರ ಕಪ್ಪಾಗಿರಲಿಲ್ಲ. ಹೆಗಲ ಸುತ್ತ, ತೋಳಿನ ಉದ್ದಕ್ಕೆ, ಕತ್ತರಿಯಮ್ಮ ಮೋಟು ಮಾಡಿದ ಅಂಚಿನಲ್ಲಿ, ಕಾಲರು ಕಿತ್ತ ಕತ್ತಿನಲ್ಲಿ, ಎಲ್ಲೆಲ್ಲಿ ಸೂಜಿ ಹೋಗಿತ್ತೋ ಅಲ್ಲೆಲ್ಲ ಬಿಳಿಯ ಗೆರೆ. ಕೋಟು ತನ್ನ ಎಕ್ಸ್‌ರೇಯನ್ನು ತಾನೇ ತೆಗೆಸಿಕೊಂಡು ಎಲ್ಲರಿಗೂ ತೋರಿಸುತ್ತ ನಿಂತಂತಿತ್ತು. ನಿನ್ನೆಯ ಗುರುತನ್ನು ಅಳಿಸುವುದಿರಲಿ, ಇಷ್ಟು ದಿನ ಬಟ್ಟೆಯ ಬಣ್ಣದೊಳಗೆ ಅಡಗಿ ಕೂತಿದ್ದ ಗುರುತುಗಳನ್ನೆಲ್ಲ ತಾವು ಕರೆದು ಸಾಲಾಗಿ ನಿಲ್ಲಿಸಿದ್ದಿರಿ. ಇದಕ್ಕಾಗಿ ಪ್ರತ್ಯೇಕ ಶುಲ್ಕ ವಿಧಿಸದಿದ್ದುದು ತಮ್ಮ ಉದಾರತೆ.

ಬಲಜೇಬಿನ ಮೂಲೆಯಲ್ಲಿ ನಾನು ಅದನ್ನು ಕಂಡೆ.

ವಿವರಿಸುತ್ತೇನೆ. ನಮ್ಮ ಪ್ರೆಸ್ಸಿನ ಬೈಂಡಿಂಗ್ ವಿಭಾಗದ ಬಾಗಿಲಿಗೆ ಒಂದು ಕೊಕ್ಕೆಯಿದೆ. ಒಂದು ದಿನ ಅದಕ್ಕೆ ನನ್ನ ಕೋಟಿನ ಜೇಬು ಸಿಕ್ಕಿ ಮೂಲೆ ಕಿತ್ತುಹೋಯಿತು. ಅಲ್ಲೇ ಇದ್ದ ಪುಸ್ತಕ ಹೊಲಿಯುವ ದಪ್ಪ ದಾರದಿಂದ, ದಪ್ಪ ಸೂಜಿಯಿಂದ, ಪುಸ್ತಕದ ಬೆನ್ನು ಹೊಲಿಯುವ ರೀತಿಯಲ್ಲೇ, ಒಂದು ಗಂಟಿನೊಳಗೆ ಇನ್ನೊಂದನ್ನು ಸಿಕ್ಕಿಸುತ್ತ ನಾನು ಅದನ್ನು ಹೊಲಿದುಕೊಂಡೆ. ನನಗೆ ಬರುವುದು ಅದೊಂದೇ ಹೊಲಿಗೆ, ಅದೂ ಬೈಂಡರುಗಳು ಕೆಲಸ ಮಾಡುವುದನ್ನು ನೋಡಿ ಬಂದದ್ದು. ಕೆನೆ ಬಣ್ಣದ ಮೇಲೆ ಕೆನೆ ಬಣ್ಣದ ದಾರ, ಕಣ್ಣಿಗೆ ಕಾಣುತ್ತಿರಲಿಲ್ಲ. ಈಗ ತಮ್ಮ ಕೃಪೆಯಿಂದ ಕಪ್ಪಿನ ಮೇಲೆ ಅದು ಸಣ್ಣ ಜರಿಹುಳದಂತೆ ಬಿಳಿಬಿಳಿಯಾಗಿ ಮಲಗಿತ್ತು. ಜಗತ್ತಿನಲ್ಲಿ ಕೋಟಿನ ಜೇಬನ್ನು ಪುಸ್ತಕದಂತೆ ಬೈಂಡ್ ಮಾಡಿದವರು ನನ್ನ ಹೊರತು ಇನ್ನೊಬ್ಬರಿರಲಾರರು.

ಹುಟ್ಟಿದಂದಿನಿಂದ ನನ್ನ ಹಳೆಯದನ್ನು ತೊಟ್ಟವಳು, ಇನ್ನು ಬೇಡವೆಂದವಳು, ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ದುಡ್ಡಿನಲ್ಲಿ ತನಗೆಂದು ಕೊಂಡ ಕೋಟು ನನ್ನದೇ ಕೋಟಾಗಿತ್ತು.

ಅವಳು ಪಕ್ಕದಲ್ಲೇ ನಿಂತಿದ್ದಳು. “ದಾರ ಕಾಣ್ತಿದೆ, ಅಲ್ವಾ? ಕಾಣಲಿ ಬಿಡು. ನಂಗಂತೂ ಇಷ್ಟವಾಯ್ತು” ಎಂದಳು. ತೋಳು ಹಿಡಿದು ಎತ್ತಿ, ಮತ್ತೆ ಬಿಟ್ಟು, ದೂರ ನಿಂತು ನೋಡಿದಳು. ಚೆನ್ನಾಗಿದೆ ಎಂದೆ. ಬೇರೆ ಏನು ಹೇಳುವುದು ಸಾಧ್ಯವಿತ್ತೆಂದು ತಮ್ಮ ವಿಭಾಗದ ಅನುಭವಸ್ಥರು ತಿಳಿಸಿಕೊಡಬೇಕು. ಹಸಿರು ಅಂಗಿಯ ದಿನದಂತೆ ಅವಳು ಸರತಿಯಿಂದ ನೀರು ಕುಡಿಯಲು ಎದ್ದುಹೋದರೆ ಮತ್ತೆ ಎದ್ದ ಜಾಗಕ್ಕೆ ಬರುವವಳಲ್ಲ. ಜೇಬಿಗೆ ಕೈ ಹಾಕಿ, ಬೆರಳಿಗೆ ಗಂಟು ತಗುಲಿ, ಇದೇನೆಂದು ಬಗ್ಗಿ ನೋಡಿ, ಪ್ರೆಸ್ಸಿನ ದಾರವನ್ನು ಗುರುತಿಸಿದರೆ ಮುಗಿಯಿತು. ಅದು ಆಗದಿರಬೇಕು, ನನಗೆ ಬೇಕಾದದ್ದು ಅಷ್ಟೇ.

ಆದ್ದರಿಂದ ಪೊಟ್ಟಣದ ಮೇಲಿದ್ದ ಸಹಾಯವಾಣಿಗೆ ಫೋನು ಮಾಡಿದೆ. ಮೊದಲು ಒಂದು ಯಂತ್ರ ತಮ್ಮ ಎಲ್ಲ ಬಣ್ಣಗಳ ಹೆಸರನ್ನೂ ಸಂಗೀತದೊಂದಿಗೆ ಹೇಳಿತು. ಅಕ್ಕರೆಯ ಗುಲಾಬಿ, ಭರವಸೆಯ ಹಸಿರು, ಹೀಗೆ. ಗುಂಡಿ ಒತ್ತುತ್ತ ಒತ್ತುತ್ತ ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ನನ್ನ ಅಹವಾಲನ್ನು ಸಾವಧಾನವಾಗಿ ಕೇಳಿ, “ಮೇಡಂ, ಬಟ್ಟೆ ಕಪ್ಪಾಯ್ತಾ?” ಎಂದಳು. ಆಯಿತೆಂದೆ. “ಹಾಗಾದ್ರೆ ನಮ್ಮ ಕೆಲಸ ಆಯ್ತಲ್ವಾ ಮೇಡಂ. ದಾರ ನಮ್ಮ ವ್ಯಾಪ್ತಿಗೆ ಬರಲ್ಲ” ಎಂದಳು. ಹೊಲಿದವರೂ ವ್ಯಾಪ್ತಿಗೆ ಬರುವುದಿಲ್ಲವೇ ಎಂದು ಕೇಳಿದೆ. “ಅದು ನಿಮ್ಮ ಮನೆ ವಿಷಯ ಮೇಡಂ” ಎಂದಳು. ಇಷ್ಟು ನಿಖರವಾದ ಉತ್ತರವನ್ನು ನನಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ. ಆಕೆಯನ್ನು ಫೋನಿನ ಮುಂದೆ ಕೂರಿಸಿರುವುದು ಪ್ರತಿಭೆಯ ದುರ್ಬಳಕೆ, ಪೊಟ್ಟಣ ಬರೆಯುವ ಕೆಲಸಕ್ಕೆ ತಕ್ಷಣ ವರ್ಗಾಯಿಸಿ.

ಸಂದರ್ಶನ ಇವತ್ತು. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದ ಸಮಯದಲ್ಲಿ ನಾನು ಕೋಟನ್ನು ಮೇಜಿನ ಮೇಲೆ ಹರಡಿ, ಪ್ರೆಸ್ಸಿನ ಕಪ್ಪು ಮಾರ್ಕರ್ ಪೆನ್ನಿನಿಂದ ಜೇಬಿನ ಮೂಲೆಯ ಒಂದೊಂದೇ ಹೊಲಿಗೆಗೆ ಬಣ್ಣ ಬಳಿಯುತ್ತ ಕೂತೆ. ಜೀವನವಿಡೀ ತಪ್ಪಿನ ಸುತ್ತ ಗೆರೆ ಎಳೆದು ತೋರಿಸಿದ ಕೈಗೆ ತಪ್ಪನ್ನು ಮುಚ್ಚುವುದು ಸುಲಭವಾಗಿ ಬರಲಿಲ್ಲ. ಆ ದಾರವೂ ತಾವು ಹೇಳಿದ ಪಾಲಿಯೆಸ್ಟರ್ ಜಾತಿಯದೇ, ಶಾಯಿಯನ್ನು ಕುಡಿಯದೆ ಮೇಲೆ ಹೊತ್ತುಕೊಂಡು ಕೂತಿತು. ಊದಿ ಊದಿ ಆರಿಸಿದೆ. ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕೋಟನ್ನು ಮೊಳೆಗೆ ಸಿಕ್ಕಿಸಿದೆ. ಅವಳು ಬಂದು ತೊಟ್ಟಳು, ಯೋಚಿಸುತ್ತಿರುವ ಬೆಲ್ಟನ್ನು ಕಟ್ಟಿದಳು, ನೇರಳೆ ಚೀಲವನ್ನು ಹೆಗಲಿಗೆ ಹಾಕಿದಳು. “ಹೆಂಗಿದೀನಿ?” ಎಂದಳು. ಯಾರೋ ಬೇರೆಯವರ ಹಾಗೆ ಎಂದೆ. ಅವಳಿಗೆ ಬಹಳ ಸಂತೋಷವಾಯಿತು.

ಈಗ ಅವಳು ಸಂಗ್ರಹಾಲಯದ ಯಾವುದೋ ಕಾರಿಡಾರಿನ ಬೆಂಚಿನ ಮೇಲೆ ಕೂತಿರುತ್ತಾಳೆ. ಕೈ ಎಲ್ಲಿದೆಯೋ ಗೊತ್ತಿಲ್ಲ. ಜೇಬಿನಲ್ಲಿ ಇಲ್ಲದಿರಲಿ ಎಂದು ಹಾರೈಸುವುದನ್ನು ಬಿಟ್ಟರೆ ಮಾಡಲು ಬೇರೆ ಕೆಲಸವಿಲ್ಲದ್ದರಿಂದ ರಜೆ ಹಾಕಿ ತಮಗೆ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆಗಳು ಅಲ್ಪ. ಇಂದು ಮಧ್ಯಾಹ್ನದೊಳಗೆ ದಾರಕ್ಕೆ ಹಿಡಿಯುವ ಕಪ್ಪನ್ನು ಕಂಡುಹಿಡಿದು ಸಂಗ್ರಹಾಲಯದ ಬಾಗಿಲಿಗೆ ತಲುಪಿಸಬೇಕು. ಸಾಧ್ಯವಿಲ್ಲದಿದ್ದರೆ ತಮ್ಮ ಪೊಟ್ಟಣದ ಮಹಿಳೆಯನ್ನಾದರೂ, ಬಿಳಿ ಕೈಗವಸಿನ ಸಮೇತ, ತಂಗಿಯ ಬಲಭಾಗಕ್ಕೆ ನಿಲ್ಲಿಸಿ, ಸಂದರ್ಶನ ಮುಗಿಯುವವರೆಗೆ ಆ ಜೇಬನ್ನು ಮುಚ್ಚಿ ಹಿಡಿಸಬೇಕು. ಅದೂ ಆಗದಿದ್ದಲ್ಲಿ ತಾವೇ ಒಂದು ದಿನ ಬಿಡುವು ಮಾಡಿಕೊಂಡು, ತಮ್ಮ ಕಾರ್ಖಾನೆಯ ಅತಿ ದೊಡ್ಡ ಕೊಪ್ಪರಿಗೆಯಲ್ಲಿ ಹೇಳಿದಷ್ಟು ಉಪ್ಪು ಬೆರೆಸಿ, ಹೇಳಿದಷ್ಟು ಹೊತ್ತು ಕುಳಿತು, ಹೊರಬಂದ ಮೇಲೆ ತಮ್ಮಲ್ಲಿ ಯಾವ ಯಾವ ಹೊಲಿಗೆಗಳು ಬಿಳಿಯಾಗಿಯೇ ಉಳಿದವೆಂದು ಕನ್ನಡಿ ನೋಡಿ ನನಗೆ ಬರೆದು ತಿಳಿಸಬೇಕು. ಅಕ್ಕಂದಿರಿಗೆಂದೇ ಒಂದು ಬಣ್ಣ ತಯಾರಿಸುವ ಯೋಜನೆ ಇದ್ದರೆ ಪ್ರಯೋಗಕ್ಕೆ ನಾನು ಸಿದ್ಧಳಿದ್ದೇನೆ. ಒಮ್ಮೆ ಅದ್ದಿದರೆ ತಂಗಿಯರ ಬಟ್ಟೆಗಳಲ್ಲಿ ನಾವು ಎಲ್ಲಿಯೂ ಕಾಣಿಸದಂತಿರಬೇಕು, ಒಗೆದರೂ ಬಿಡಬಾರದು.

ಪೊಟ್ಟಣದ ಮುಂದಿನ ಮುದ್ರಣದಲ್ಲಿ ಗೋಂದಿನ ಅಡಿಯ ಸಾಲನ್ನು ಮುಂಭಾಗಕ್ಕೂ, ಮುಂಭಾಗದ ಸಾಲನ್ನು ಗೋಂದಿನ ಅಡಿಗೂ ಹಾಕುವುದಾದರೆ ಕರಡನ್ನು ನಾನು ಸಂಭಾವನೆಯಿಲ್ಲದೆ ತಿದ್ದಿಕೊಡುತ್ತೇನೆ.

ತಮ್ಮ ಕಪ್ಪಿಗೆ ಕೈಯನ್ನೂ ಕಿವಿಯನ್ನೂ ಒಪ್ಪಿಸಿರುವ,

ತಮ್ಮ ವಿಶ್ವಾಸಿ,
ಒಬ್ಬ ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತಂಗಿ ಬಂದಳು. ಬಲಗೈಯ ಬೆರಳುಗಳೆಲ್ಲ ಕಪ್ಪು. ತಮ್ಮ ಕಪ್ಪಲ್ಲ, ನನ್ನ ಮಾರ್ಕರಿನದು. ಸಂದರ್ಶನದುದ್ದಕ್ಕೂ ಕೈ ಜೇಬಿನಲ್ಲೇ ಇತ್ತಂತೆ, ಧೈರ್ಯಕ್ಕೆ ಆ ಗಂಟನ್ನೇ ಹಿಡಿದುಕೊಂಡಿದ್ದಳಂತೆ. ಕೊನೆಗೆ ಮೇಲಧಿಕಾರಿಯ ಕೈ ಕುಲುಕಿದಾಗ ಅವರ ಕೈಗೂ ಹತ್ತಿತು, ಅವರು ಸಹಿ ಮಾಡಿದ ಕಾಗದಕ್ಕೂ ಹತ್ತಿತು. “ಮುಟ್ಟಬೇಡಿ ಅನ್ನೋ ಕೆಲಸಕ್ಕೆ ಹೋದೋಳು ನಾನೇ ಎಲ್ಲಾ ಕಡೆ ಬೆರಳಚ್ಚು ಬಿಟ್ಟು ಬಂದೆ” ಎಂದು ನಕ್ಕಳು. ಮುಂದಿನ ತಿಂಗಳಿನಿಂದ ಬರಲು ಹೇಳಿದ್ದಾರೆ.

ಆಮೇಲೆ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, “ಅಲ್ಲ ಅಕ್ಕಾ, ಜೇಬಿಗೆ ಯಾಕೆ ಗೀಚಿದೆ? ನಿನ್ನ ಕೋಟನ್ನ ಇಷ್ಟು ವರ್ಷ ಒಗೀತಿದ್ದೋಳು ಯಾರು ಅಂದುಕೊಂಡಿದ್ದೆ?” ಎಂದಳು. ಅಂಗಡಿಯಲ್ಲಿ ಜೇಬಿಗೆ ಬೆರಳು ಹಾಕಿದ ಕೂಡಲೇ ಗೊತ್ತಾಗಿತ್ತಂತೆ. ಕತ್ತರಿಯಮ್ಮನಿಗೆ ಆ ಹೊಲಿಗೆಯನ್ನೇ ತೋರಿಸಿ, “ನೋಡಿ, ಯಾರೋ ಸೂಜಿ ಹಿಡಿಯೋಕೆ ಬರದೋರು ಹೊಲಿದಿದಾರೆ, ಕಮ್ಮಿ ಮಾಡಿ” ಎಂದು ಚೌಕಾಸಿ ಮಾಡಿ ಬೆಲೆ ಇಳಿಸಿದಳಂತೆ. ಮತ್ತೆ ಯಾಕೆ ಕೊಂಡೆ, ನನ್ನ ಹಳೆಯದು ಬೇಡವೆಂದಿದ್ದೆಯಲ್ಲ ಎಂದು ಕೇಳಿದೆ. “ನೀನು ಕೊಟ್ಟಿದ್ದು ಬೇಡ ಅಂದೆ. ಇದನ್ನ ನಾನು ತಗೊಂಡೆ” ಎಂದಳು.

ಆದಕಾರಣ ದಾರಕ್ಕೆ ಕಪ್ಪು ಹಿಡಿಸುವ ವಿಷಯದಲ್ಲಿ ತಾವು ಇನ್ನು ಆತುರಪಡಬೇಕಾಗಿಲ್ಲ. ಒಂದು ಸಣ್ಣ ಮಾಹಿತಿ ಮಾತ್ರ ಬೇಕಾಗಿದೆ. ದಾರಿಯಲ್ಲಿ ತಮ್ಮ ಇನ್ನೊಂದು ಪೊಟ್ಟಣ ಕೊಂಡು ತಂದವಳು ಈಗ ನನ್ನ ಕಪಾಟಿನ ಮುಂದೆ ನಿಂತು, ನನ್ನ ಬೂದು ಬಣ್ಣದ ಶಾಲನ್ನು ಬೆಳಕಿಗೆ ಹಿಡಿದು, “ಇದನ್ನ ಎಷ್ಟಕ್ಕೆ ಕೊಡ್ತೀಯಾ?” ಎಂದು ಕೇಳಿದಳು. ಸುಮ್ಮನೆ ತಗೋ ಎಂದೆ. ಅವಳು ಅದನ್ನು ಚೊಕ್ಕವಾಗಿ ಮಡಿಸಿ, ಎಲ್ಲಿತ್ತೋ ಅಲ್ಲೇ ಇಟ್ಟು ಬಾಗಿಲು ಮುಚ್ಚಿದಳು. ನಾನು ಯಾವ ಬೆಲೆ ಹೇಳಬೇಕಿತ್ತು ಎಂಬುದನ್ನು ತಮ್ಮ ಪೊಟ್ಟಣದಲ್ಲಿ ಹುಡುಕಿದೆ. ಗೋಂದಿನ ಅಡಿಯಲ್ಲೂ ಇಲ್ಲ.